ಹನ್ನೆರಡು ಕಥೆಗಳ ಕರಾರು

ನಮ್ಮಣ್ಣ ಹಂಪಣ್ಣ ತಾನು ಲೇಖಕನಾಗುತ್ತೇನೆಂದು ಸಾರಿದ್ದು ಎಪ್ಪತ್ತೆಂಟನೆಯ ಇಸವಿಯ ಯುಗಾದಿಯ ಮರುದಿನ. ಹೋಳಿಗೆ ಉಳಿದಿದ್ದವು, ಮೂರು ಅವನ ತಾಟಿನಲ್ಲೇ ಇದ್ದವು. ರಾಯಚೂರಿನ ಕಾಲೇಜಿನಲ್ಲಿ ಎರಡು ಸಲ ಬಿ.ಎ. ಫೇಲಾಗಿ ಮಾನ್ವಿಗೆ ವಾಪಸು ಬಂದು ವರ್ಷವಾಗಿತ್ತು. ಆ ಒಂದು ವರ್ಷದಲ್ಲಿ ಅವನು ಒಂದು ಕೊಡ ನೀರು ತಂದದ್ದನ್ನು ನಾನು ನೋಡಿಲ್ಲ. ನೋಡಿದವರಿದ್ದರೆ ಮುಂದೆ ಬಂದು ಹೇಳಲಿ.

"ಯಪ್ಪಾ, ನಾ ಇನ್ನ ನೌಕರಿ ಹುಡುಕಂಗಿಲ್ಲ," ಎಂದ. "ಒಂದು ವರ್ಷ ಟೈಮ್ ಕೊಡು. ಅಮಾಸಿಗೊಂದರಂಗ ಹನ್ನೆರಡು ಕಥಿ ಬರೀತೀನಿ. ಆಮ್ಯಾಲೆ ಪುಸ್ತಕ. ಗುರಿ ಇಲ್ದ ಯಾರೂ ದೊಡ್ಡೋರಾಗಿಲ್ಲ."

ಅಪ್ಪ ವಿರೂಪಣ್ಣ ತಹಶೀಲ್ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕೂತು ಅರ್ಜಿ, ಕರಾರುಪತ್ರ ಬರೆಯುತ್ತಿದ್ದ. ನಿಜಾಮನ ಕಾಲದಲ್ಲಿ ಉರ್ದುವಿನಲ್ಲಿ ಬರೆದವನು, ಆಮೇಲೆ ಕನ್ನಡಕ್ಕೆ ತಿರುಗಿದವನು. ಬಾಯಿಮಾತಿನ ಮೇಲೆ ಅವನಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ.

"ಹಂಗಾದ್ರ ಬರೆದು ಇಡೋಣು," ಎಂದ.

ಆಗ ನಾನು ಬಾಯಿ ಹಾಕಿದೆ. ನನಗೆ ಹದಿನೇಳು. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕ ಒಂದರಲ್ಲಿ ಹೋಗಿತ್ತು. ಅದೊಂದನ್ನು ಕಟ್ಟಿ ಪಾಸಾದರೆ ರಾಯಚೂರಿಗೆ ಹೋಗಿ ಟೀಚರ್ ಟ್ರೇನಿಂಗ್ ಮಾಡಬಹುದು ಎಂದು ಶಾಲೆಯ ಅಕ್ಕೋರು ಹೇಳಿದ್ದರು. ಅದನ್ನು ಬಿಟ್ಟು ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

"ನನ್ನ ಪರೀಕ್ಷಿ?" ಎಂದೆ.

"ಅವಂದು ಮುಗೀಲಿ, ಆಮ್ಯಾಲೆ ನಿಂದು," ಎಂದಳು ಅವ್ವ ಚನ್ನಮಲ್ಲಮ್ಮ.

"ಎರಡೂ ಕೂಡೇ ಯಾಕಾಗಬಾರದು?"

"ಅವನ ಅಕ್ಷರ ಅವಗೇ ಓದಾಕ ಬರಂಗಿಲ್ಲ. ನಕಲು ಮಾಡೋರ್ಯಾರು ಬೇ? ನಾ ಮಾಡ್ಲೇನು?"

ಅದು ನಿಜ. ಅಣ್ಣ ಬರೆದದ್ದನ್ನು ಎರಡು ದಿನ ಬಿಟ್ಟರೆ ಅವನೇ ತಡಕಾಡುತ್ತಿದ್ದ. ನನ್ನದು ದುಂಡಗಿನ ಅಕ್ಷರ. ಹನ್ನೆರಡು ವರ್ಷದವಳಿದ್ದಾಗಿನಿಂದ ಅಪ್ಪನ ಅರ್ಜಿಗಳನ್ನೆಲ್ಲ ಮನೆಯಲ್ಲಿ ಶುದ್ಧಪ್ರತಿ ಮಾಡುತ್ತಿದ್ದವಳು ನಾನೇ. ಅಪ್ಪ ಅಲ್ಲೇ ಕರಾರು ಬರೆದ, ನನ್ನ ಕೈಯಿಂದಲೇ ಅದರ ನಕಲು ಮಾಡಿಸಿ ಗೋಡೆಗೆ ಅಂಟಿಸಿದ: ಹಂಪಣ್ಣನು ಒಂದು ವರ್ಷದೊಳಗೆ ಹನ್ನೆರಡು ಕಥೆ ಬರೆಯತಕ್ಕದ್ದು. ಮನೆಯವರು ಅವನ ಶಾಂತಿಗೆ ಭಂಗ ತರತಕ್ಕದ್ದಲ್ಲ. ಅವನ ತಂಗಿ ವೀರಭದ್ರಮ್ಮಳು ಶುದ್ಧಪ್ರತಿ ಮಾಡಿಕೊಡತಕ್ಕದ್ದು. ಹನ್ನೆರಡು ಮುಗಿದ ಕೂಡಲೆ ಅವಳ ಪರೀಕ್ಷೆಯ ಫೀ ಕಟ್ಟಲಾಗುವುದು.

ವರ್ಷದೊಳಗೆ ಅಂದರೆ ಅಣ್ಣನಿಗೆ ಮುಂದಿನ ಯುಗಾದಿ. ನನಗೆ ಹಾಗಲ್ಲ. ಏಪ್ರಿಲ್ ಪರೀಕ್ಷೆಗೆ ಫೀ ಕಟ್ಟುವ ಕಡೆಯ ದಿನ ಜನವರಿಯಲ್ಲಿ ಬರುತ್ತದೆ. ಅಷ್ಟರೊಳಗೆ ಹನ್ನೆರಡು ಆಗಬೇಕು. ಹೀಗಾಗಿ ಈ ಲೋಕದಲ್ಲಿ ಹಂಪಣ್ಣ ಲೇಖಕನಾಗಲಿ ಎಂದು ಅವನಿಗಿಂತ ಹೆಚ್ಚು ಹಂಬಲಿಸಿದವಳು ನಾನೇ. ನನ್ನ ಹಣೆಬರಹ ನೋಡಿ.

ಅಣ್ಣ ಬೆಳಗಿನ ಐದಕ್ಕೆ ಏಳುತ್ತೇನೆಂದ, ಏಳಕ್ಕೆ ಎದ್ದ. ಎದ್ದವನು ರೊಟ್ಟಿ ಬಡಿಯುವ ಸಪ್ಪಳಕ್ಕೆ ವಿಚಾರ ಒಡೆಯುತ್ತದೆ ಎಂದ. ನಮ್ಮದು ಒಂದೇ ಪಡಸಾಲೆ, ಅದರ ಮಗ್ಗುಲಿಗೇ ಒಲೆ. ಅವ್ವ ಒಂಬತ್ತರ ಮೇಲೆ ರೊಟ್ಟಿ ಮಾಡಲು ಶುರು ಮಾಡಿದಳು. ಅಪ್ಪ ಒಂಬತ್ತಕ್ಕೇ ಮರದ ಕೆಳಗೆ ಹೋಗಿ ಕೂರಬೇಕು, ಇಲ್ಲದಿದ್ದರೆ ಹಳ್ಳಿಯಿಂದ ಬಂದವರು ಬೇರೆ ಬರೆಯುವವರ ಕಡೆ ಹೋಗುತ್ತಾರೆ. ಹಾಗಾಗಿ ಅವನು ಹಿಂದಿನ ದಿನದ ಕಟಿ ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿಕೊಂಡು ತಿನ್ನತೊಡಗಿದ.

"ಬಿಸಿ ರೊಟ್ಟಿ ತಿಂದು ಎಷ್ಟು ದಿನ ಆತು, ಗೊತ್ತದ ಏನು?" ಎಂದ ಒಂದು ದಿನ.

"ಹುಡುಗ ತಲಿ ಓಡಿಸಾಕತ್ತಾನ. ನಿಮಗ ರೊಟ್ಟಿ ಚಿಂತಿ," ಎಂದಳು ಅವ್ವ.

ತಲೆ ಓಡಿಸುವವನಿಗೆ ಹಾಲು, ಬದಾಮಿ, ಮೂರು ಸಲ ಚಹ. ತಲೆ ಓಡಿಸುವವನ ಅಂಗಿ ಒಗೆಯುವುದು ನಾನು. ಮೊದಲ ಕಥೆ ಬಂತು, ಅದರಲ್ಲಿ ಒಬ್ಬ ರಾಜಕುಮಾರಿ ಸತ್ತಳು. ಎರಡನೆಯದು ಬಂತು, ಅದರಲ್ಲಿ ಒಬ್ಬ ಕವಿ ಸತ್ತ. ಅಕ್ಷರ ತಪ್ಪದಂತೆ ನಕಲು ಮಾಡಿಕೊಟ್ಟೆ, ಅಣ್ಣ ವಾರಪತ್ರಿಕೆಗೆ ಕಳಿಸಿದ. ಎರಡೂ ತಿಂಗಳೊಳಗೆ ಮನೆಗೆ ವಾಪಸು ಬಂದವು.

ಮೂರನೆಯದು ನಮ್ಮ ಓಣಿಯ ದಾವಲ್ ಬೀ ಕಥೆ. ಗಂಡ ತೀರಿಕೊಂಡ ಮೇಲೆ ಮನೆಯನ್ನು ತನ್ನ ಹೆಸರಿಗೆ ಮಾಡಿಸಲು ಮೂರು ವರ್ಷದಿಂದ ಅಪ್ಪನ ಕೈಲಿ ಅರ್ಜಿ ಬರೆಸುತ್ತಿದ್ದಳು. ಕಚೇರಿಯ ಬಾಬು ಪ್ರತಿ ಸಲ "ನಾಳೆ ಬಾ" ಎನ್ನುತ್ತಿದ್ದ. ಅಣ್ಣನ ಕಥೆಯಲ್ಲಿ ಅವಳು ಬೇಸತ್ತು ಬಾವಿಗೆ ಬೀಳುತ್ತಾಳೆ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಅರ್ಜಿ ಬರೆದಾದ ಮೇಲೆ ಅದು ಯಾರ ಕಷ್ಟವೋ ಅವರಿಗೆ ಓದಿ ಹೇಳಬೇಕು. ಅವರು "ಹೌದು, ಇದು ನನ್ನ ಮಾತು" ಅಂದ ಮೇಲೆಯೇ ಹೆಬ್ಬೆಟ್ಟು. ಇಲ್ಲ ಅಂದರೆ ತಿದ್ದಬೇಕು. ಕಡೆಗೆ ಕೆಳಗೆ, ಯಾರ ಕೈಬರಹವೋ ಅವರ ಹೆಸರು, "ಬಿಕಲಂ" ಎಂದು ಹಾಕಬೇಕು. ನಾಳೆ ತಕರಾರು ಬಂದರೆ ಬರೆದವರು ಯಾರೆಂದು ಗೊತ್ತಾಗಬೇಕಲ್ಲ. ಐದು ವರ್ಷ ನಾನು ಮಾಡಿದ್ದು ಇದನ್ನೇ. ದಾವಲ್ ಬೀ ನಮ್ಮಲ್ಲಿಗೆ ಮಜ್ಜಿಗೆ ಕೇಳಲು ಬಂದಾಗ ಕೂರಿಸಿಕೊಂಡು ಕಥೆ ಓದಿ ಹೇಳಿದೆ.

"ಹಾಯ್ ಅಲ್ಲಾ! ನಾ ಯಾಕ ಬಾವಿಗೆ ಬೀಳ್ತೀನಿ ಬೇಟಿ?" ಎಂದಳು. "ನನ್ನ ಆಡಿಗೆ ಮೇವು ಹಾಕೋರ್ಯಾರು?"

"ಮತ್ತ ನೀ ಏನ್ ಮಾಡಿದಿ?"

"ಏನ್ ಮಾಡ್ಲಿ? ಒಂದಿನ ಆ ಬಾಬು ಊಟಕ್ಕ ಹೋದಾಗ ಅವನ ಕುರ್ಚಿ ಮ್ಯಾಲೆ ಕುಂತೆ. ಬುತ್ತಿ ಬಿಚ್ಚಿ ಮೇಜಿನ ಮ್ಯಾಲೆ ಇಟ್ಟು ರೊಟ್ಟಿ ತಿಂದೆ. ಬಂದ, ಏಳು ಅಂದ. ನಾಳೆ ಬಾ ಅಂದೆ."

"ಕೆಲಸ ಆತೇನು?"

"ಎಲ್ಲೀದು! ಹೊರಗ ಹಾಕಿದ್ರು. ಆದ್ರ ಅವತ್ತು ರೊಟ್ಟಿ ಭಾರಿ ರುಚಿ ಇತ್ತು."

ನಾನು ಬಾವಿಯನ್ನು ಹೊಡೆದುಹಾಕಿ ಕುರ್ಚಿಯನ್ನು ಬರೆದೆ. ತಿದ್ದುವುದು ನನ್ನ ಕೆಲಸ ಎಂದೇ ತಿಳಿದಿದ್ದೆ. ಕೆಳಗೆ ರೂಢಿಯಂತೆ "ಬಿಕಲಂ ವೀರಭದ್ರಮ್ಮ, ಮಾನ್ವಿ" ಎಂದು ಹಾಕಿದೆ. ಅಣ್ಣ ಅದನ್ನು ಓದಲೂ ಇಲ್ಲ. ಲಕೋಟೆಯ ಮೇಲೆ ತನ್ನ ಹೆಸರು ಬರೆದು ಪೋಸ್ಟಿಗೆ ಹಾಕಿದ. ಶ್ರಾವಣದಲ್ಲಿ ಕಾರ್ಡು ಬಂತು: ನೀವು ಕಳಿಸಿದ ಕಥೆ ಸ್ವೀಕೃತವಾಗಿದೆ, ಸರದಿಯಂತೆ ಪ್ರಕಟಿಸುತ್ತೇವೆ.

ಅವತ್ತು ಅವ್ವ ಗೋಧಿ ಹುಗ್ಗಿ ಮಾಡಿ ಓಣಿಗೆಲ್ಲ ಹಂಚಿದಳು. ಅಣ್ಣ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಜಿಲಾನಿ ಪಾಷಾನ ಹೋಟೆಲಿಗೆ ಹೋದ. ಹೋದವನು ಅಲ್ಲೇ ಉಳಿದ ಅನ್ನಬೇಕು. ಬೆಳಗ್ಗೆ ಹೋದರೆ ಮಧ್ಯಾಹ್ನ ಊಟಕ್ಕೆ ಬರುತ್ತಿದ್ದ, ಉಂಡು ಮಲಗುತ್ತಿದ್ದ, ಎದ್ದು ಮತ್ತೆ ಹೋಗುತ್ತಿದ್ದ. ಸಾಹಿತ್ಯ ಅಂದರೇನು ಎಂದು ಹಮಾಲರಿಗೆ ಹೇಳುತ್ತಿದ್ದನಂತೆ. ಜಿಲಾನಿ ಪಾಷಾನೇ ಒಮ್ಮೆ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, "ಯವ್ವಾ, ನಿಮ್ಮಣ್ಣ ಬರಿಯೋದು ಯಾವಾಗ?" ಎಂದು ಕೇಳಿದ. ನನಗೆ ನಾಚಿಕೆಯಾಯಿತು.

"ಅಣ್ಣಾ, ಎರಡು ಅಮಾಸಿ ಹೋದವು. ನಾಕನೇದು ಎಲ್ಲಿ?" ಎಂದು ಅಂಗಳದಲ್ಲೇ ತಡೆದು ಕೇಳಿದೆ.

"ಮೂಡ್ ಬರಬೇಕಲೇ ಭದ್ರಿ. ಇದೇನು ನಿಮ್ಮಪ್ಪನ ಅರ್ಜಿ ಅಲ್ಲ."

"ನಿಮ್ಮಪ್ಪನ ಅರ್ಜಿಯಿಂದನೇ ಬದಾಮಿ ಬರಾಕತ್ತಾವು. ಕುಂದ್ರು, ಒಂದು ಹಾಳಿ ಬರಿ."

"ತಲ್ಯಾಗ ಅದ. ಒಬ್ಬ ವಿಧವಿ, ಒಬ್ಬ ಮಾಸ್ತರ, ಒಂದು ಬಸ್ಸು. ಆಗ್ಯದ ಕಥಿ. ಹಾಳಿ ಮ್ಯಾಲೆ ಇಳಿಸೋದೊಂದೇ ಬಾಕಿ."

"ಹಂಗಾದ್ರ ನಾ ಇಳಿಸ್ಲೇನು?"

"ಇಳಿಸು ಹೋಗು," ಎಂದು ಚಪ್ಪಲಿ ಮೆಟ್ಟಿಕೊಂಡು ನಡೆದ.

ಇಳಿಸಿದೆ. ಅಕ್ಟೋಬರಿನ ಪರೀಕ್ಷೆ ಆಗಲೇ ಕಣ್ಣೆದುರು ಹೋಗಿತ್ತು, ಏಪ್ರಿಲಿನದೂ ಹೋಗಲು ಬಿಡುವವಳಲ್ಲ ನಾನು. ಅಣ್ಣ ಊಟಕ್ಕೆ ಕೂತಾಗ ಎರಡು ಹೆಸರು, ಒಂದು ಊರು ಉಗುಳುತ್ತಿದ್ದ. ಉಳಿದದ್ದನ್ನು ನಾನು ನೀರಿನ ಸರದಿಯಲ್ಲಿ, ಗಿರಣಿಯ ಮುಂದೆ, ಬಟ್ಟೆ ಒಗೆಯುವಲ್ಲಿ ಹೆಂಗಸರ ಬಾಯಿಂದ ಕೇಳಿಕೊಂಡು ಬರುತ್ತಿದ್ದೆ. ಪುಂಡಿಪಲ್ಯ ಸೋಸುತ್ತ ಮನಸ್ಸಿನಲ್ಲೇ ಸಾಲು ಕಟ್ಟುತ್ತಿದ್ದೆ, ಮಧ್ಯಾಹ್ನ ಅವ್ವ ಅಡ್ಡಾದಾಗ ಬರೆಯುತ್ತಿದ್ದೆ. ದಿನಕ್ಕೆ ಎರಡು ಹಾಳೆ, ಎರಡು ಅಂದರೆ ಎರಡೇ. ಬರೆಯದ ದಿನ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಮೂಡು ಎಂಬುದೊಂದು ಇರುತ್ತದೆಂದು ನನಗೆ ಯಾರೂ ಕಲಿಸಿರಲಿಲ್ಲ.

ಸುಳ್ಳು ಯಾಕೆ ಹೇಳಲಿ, ಮೊದಮೊದಲು ಫೀ ಸಲುವಾಗಿ ಬರೆದೆ. ಆರನೆಯದರ ಹೊತ್ತಿಗೆ ಬರೆಯುವುದೇ ಬೇಕೆನಿಸಿತು. ಕೆಳಗೆ ಬಿಕಲಂ ಹಾಕುವಾಗ ಮೊದಲು ಕೈ ರೂಢಿಯಿಂದ ಹಾಕುತ್ತಿತ್ತು. ನಾಲ್ಕನೆಯದರಿಂದ ಬೇಕಂತಲೇ ಹಾಕಿದೆ, ಸ್ವಲ್ಪ ದಪ್ಪಗೇ ಹಾಕಿದೆ. ಮುಗಿದದ್ದನ್ನು ಅಣ್ಣ ಮೊದಲಿನಂತೆಯೇ ಓದದೆ ಪತ್ರಿಕೆಗೆ ಕಳಿಸುತ್ತಿದ್ದ.

ದಸರೆಗೆ ಅವ್ವ ದೇವದುರ್ಗದ ಕಿರಾಣಿ ಅಂಗಡಿಯವರ ಮಾತು ತೆಗೆದಳು. ಅವರಿಗೆ ಒಬ್ಬನೇ ಮಗ, ಹುಡುಗಿ ಮೆಟ್ರಿಕ್ ಆಗದಿದ್ದರೂ ನಡೆಯುತ್ತದೆ ಎಂದರಂತೆ. "ಪರೀಕ್ಷಿ ಆದ ಮ್ಯಾಲೆ ನೋಡೋಣು," ಎಂದು ನಾನು ತಳ್ಳಿಹಾಕಿದೆ. ಎಳ್ಳಮಾಸಿಯ ದಿನ ಊರೆಲ್ಲ ಸಜ್ಜಿ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋದಾಗ, ಹೊಟ್ಟೆನೋವೆಂದು ಮನೆಯಲ್ಲೇ ಉಳಿದು ಹನ್ನೆರಡನೆಯದನ್ನು ಮುಗಿಸಿದೆ. ಫೀ ಕಟ್ಟಲು ಇನ್ನೂ ಹದಿನೈದು ದಿನ ಇದ್ದವು. ಎಷ್ಟು ಹಗುರಾದೆನೆಂದರೆ ಒಬ್ಬಳೇ ಕೂತು ನಕ್ಕೆ.

ವಾರವಾದ ಮೇಲೆ ಅಣ್ಣ ರಾಯಚೂರಿಗೆ ಹೋಗಿದ್ದ. ಸಂಜೆಯ ಬಸ್ಸಿಗೆ ಬಂದವನು, ಜೋಳ ಹಸನು ಮಾಡುತ್ತಿದ್ದ ನನ್ನ ಮೊರದ ಮೇಲೆ ಒಂದು ಪತ್ರಿಕೆಯನ್ನು ಎಸೆದ. ಜೋಳವೆಲ್ಲ ಚೆಲ್ಲಿತು.

"ಏನಿದು?"

ದಾವಲ್ ಬೀಯ ಕಥೆ. ತಲೆಯ ಮೇಲೆ ದಪ್ಪ ಅಕ್ಷರದಲ್ಲಿ: ವೀರಭದ್ರಮ್ಮ, ಮಾನ್ವಿ. ಅಣ್ಣ ಎದುರಿಗೆ ಕುದಿಯುತ್ತ ನಿಂತಿದ್ದರೂ ನನಗೆ ಸಂತೋಷವಾಯಿತು. ಇವತ್ತಿಗೂ ಹೇಳುತ್ತೇನೆ, ಬಹಳ ಸಂತೋಷವಾಯಿತು.

"ಬಸ್ ಸ್ಟ್ಯಾಂಡಿನ್ಯಾಗ ನಾಕ್ ಮಂದಿ ಗೆಳೆಯರನ್ನ ನಿಂದ್ರಿಸಿ, ಬರ್ರಿ ನನ್ನ ಕಥಿ ತೋರಿಸ್ತೀನಿ ಅಂತ ಕೊಂಡ್ಕೊಂಡೆ. ಮಾರಿ ಎಲ್ಲಿಡಬೇಕು ನಾ?"

"ಕಥಿ ಮ್ಯಾಲೆ ನಿನ್ನ ಹೆಸರು ಬರದಿದ್ದಿ ಏನು? ಲಕೋಟಿ ಮ್ಯಾಲೆ ಬರದಿ. ನಾ ಬಿಕಲಂ ಹಾಕೀನಿ. ಅವರು ಅದನ್ನ ನೋಡಿ ಛಾಪಿಸ್ಯಾರ."

ಅವನು ಪತ್ರಿಕೆ ಕಸಿದುಕೊಂಡು ನಿಂತಲ್ಲೇ ಓದಿದ. ಬಸ್ಸಿನಲ್ಲಿ ಬರೀ ಹೆಸರನ್ನೇ ನೋಡುತ್ತ ಕೂತಿದ್ದನೋ ಏನೋ, ಕಥೆಯ ಕೊನೆಗೆ ಬಂದಾಗ ಅವನ ಮುಖ ಬಾಡಿತು.

"ಬಾವಿ ಎಲ್ಲಿ?"

"ಆಕಿ ಬಾವಿಗೆ ಬಿದ್ದಿಲ್ಲ. ಓಣ್ಯಾಗೇ ಅದಾಳ, ಹೋಗಿ ನೋಡು."

ಅವ್ವ ಒಲೆ ಬಿಟ್ಟು ಎದ್ದು ಬಂದಳು. "ಅಯ್ಯೋ ನನ್ನ ಕರ್ಮ! ಹೆಣ್ಣಮಗಳ ಹೆಸರು ಪೇಪರ್‌ನ್ಯಾಗ! ಅದೂ ಕಚೇರಿ ಬಾಬುನ ಕುರ್ಚಿ ಮ್ಯಾಲೆ ಕುಂತ ಕಥಿ! ದೇವದುರ್ಗದವರು ನೋಡಿದ್ರ ಏನ್ ಗತಿ?" ಎಂದು ನನ್ನ ಬೆನ್ನಿಗೆ ಎರಡು ಬಿಗಿದಳು.

ಅಪ್ಪ ಬಂದ, ಕೈಕಾಲು ತೊಳೆದ, ಕನ್ನಡಕ ಹಾಕಿಕೊಂಡು ಕಥೆಯನ್ನು ಪೂರ್ತಿ ಓದಿದ. ಆಮೇಲೆ ನನ್ನನ್ನೇ ಕೇಳಿದ: "ಖರೇ ಹೇಳು. ಹಂಪಣ್ಣ ಬರೆದದ್ದು ಎಷ್ಟು?"

"ಮೂರು. ಮೂರನೇದರ ಕೊನಿ ನಂದು."

"ಉಳಿದ ಒಂಬತ್ತು?"

"ನಾನೇ."

"ಸುಳ್ಳು!" ಎಂದ ಅಣ್ಣ. "ಎಲ್ಲಾ ನಾ ಹೇಳಿದ್ದು. ಆಕಿ ಹಾಳಿಗೆ ಇಳಿಸ್ಯಾಳ, ಅಷ್ಟ!"

ಅಪ್ಪ ಅವನ ಕಡೆ ನೋಡಲಿಲ್ಲ. ಐದು ವರ್ಷ ನನ್ನ ಕೈಬರಹ ಓದಿದವನಿಗೆ ಯಾವ ಸಾಲು ಯಾರದೆಂದು ಹೇಳಿಕೊಡಬೇಕಾಗಿರಲಿಲ್ಲ. ಆದರೂ ಹಾಳೆ ತೆಗೆದು ಸಂಪಾದಕರಿಗೆ ಪತ್ರ ಬರೆದ: ಮಾನ್ಯರೇ, ಪ್ರಕಟವಾದ ಕಥೆಯೂ, ತಮಗೆ ಕಳುಹಿಸಿದ ಉಳಿದ ಕಥೆಗಳೂ ಸೇರಿ ಒಟ್ಟು ಹನ್ನೆರಡೂ ನನ್ನ ಮಗ ಹಂಪಣ್ಣನ ಸ್ವಂತ ರಚನೆಗಳಾಗಿರುತ್ತವೆ. ನನ್ನ ಮಗಳು ಕೇವಲ ನಕಲು ಮಾಡಿರುತ್ತಾಳೆ. ಅವಳ ಹೆಸರು ಕಣ್ತಪ್ಪಿನಿಂದ ಬಂದಿರುತ್ತದೆ. ಈ ಬಗ್ಗೆ ತಿದ್ದುಪಡಿ ಪ್ರಕಟಿಸಬೇಕಾಗಿ ವಿನಂತಿ.

"ಶುದ್ಧಪ್ರತಿ ಮಾಡು," ಎಂದ.

ನಾನು ಮಾಡಿದೆ. ಯಾಕೆ ಮಾಡಿದೆ ಎಂದು ಕೇಳಬೇಡಿ, ನಾನೇ ಹೇಳುತ್ತೇನೆ. ಹನ್ನೆರಡೂ ಹಂಪಣ್ಣನವು ಎಂದು ಅಪ್ಪನೇ ಬರೆಸಿದ ಮೇಲೆ ಕರಾರು ಮುಗಿದ ಹಾಗೆ ತಾನೆ? ಹೆಸರು ಹೋದರೆ ಹೋಗಲಿ, ಪರೀಕ್ಷೆ ಸಿಗುತ್ತದೆ ಎಂದು ಲೆಕ್ಕ ಹಾಕಿದೆ. ಲೆಕ್ಕದಲ್ಲಿ ಫೇಲಾದವಳು ನಾನು.

ಎರಡು ದಿನ ಬಿಟ್ಟು ಅಪ್ಪನಿಗೆ ರೊಟ್ಟಿ ಬಡಿಸುತ್ತ ಕೇಳಿದೆ. ಅಣ್ಣ ಬರೆಯುವುದನ್ನು ನಿಲ್ಲಿಸಿದ್ದರಿಂದ ಮತ್ತೆ ಎಂಟಕ್ಕೇ ಬಿಸಿ ರೊಟ್ಟಿ ಆಗುತ್ತಿದ್ದವು.

"ಯಪ್ಪಾ, ಸೋಮವಾರ ಕಡಿ ದಿನ. ಫೀ ಕಟ್ಟು."

"ಯಾವ ಫೀ?"

"ಕರಾರದಾಗ ಅದಲ್ಲ. ಹನ್ನೆರಡು ಮುಗದಾವು."

"ಹಂಪಣ್ಣನು ಬರೆಯತಕ್ಕದ್ದು ಅಂತ ಅದ ಕರಾರದಾಗ," ಎಂದ ಅಪ್ಪ, ಶೇಂಗಾ ಹಿಂಡಿಗೆ ಎಣ್ಣೆ ಹಾಕಿಕೊಳ್ಳುತ್ತ. "ಅವ ಬರೆದದ್ದು ಮೂರು. ನೀನೇ ಹೇಳಿದಿ."

ಬಡಿಸಲು ತೆಗೆದಿದ್ದ ರೊಟ್ಟಿಯನ್ನು ನಾನು ಬುಟ್ಟಿಗೇ ಹಾಕಿದೆ. "ಮೊನ್ನಿ ಪೋಸ್ಟಿಗೆ ಹಾಕಿದ ಕಾಗದದಾಗ ಹನ್ನೆರಡೂ ಅವನವು ಅಂತ ನೀನೇ ಬರೆಸಿದಿ! ನನ್ನ ಕೈಲೇ ಬರೆಸಿದಿ!"

"ಅದು ಊರಿಗೆ. ಇದು ಮನಿಗೆ."

"ಯಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ. ಒಂದು ವಿಷಯ. ಒಂದೇ ಒಂದು."

"ಅಡ್ಡ ಬುದ್ಧಿ ಬಂದದ ನಿಂಗ. ಟ್ರೇನಿಂಗ್ ಅಂತ ರಾಯಚೂರಿಗೆ ಬಿಟ್ರ ಇನ್ನೇನೇನು ಬರೀತಿಯೋ," ಎಂದು ತಾಟು ಸರಿಸಿ ಎದ್ದ.

"ಪಲ್ಯ ಉಳದದ, ನೀ ಉಣ್ಣು," ಎಂದಳು ಅವ್ವ ನನಗೆ. ಸೋಮವಾರ ಬಂತು, ಹೋಯಿತು. ನಾನು ಅವತ್ತು ಹಿತ್ತಲಲ್ಲಿ ಕೂತು ಅತ್ತದ್ದನ್ನು ಕಂಡು ದಾವಲ್ ಬೀ ಗೋಡೆಯಾಚೆಯಿಂದ ಇಣುಕಿ ಹೋದಳು.

ಫೆಬ್ರುವರಿಯಲ್ಲಿ ಪತ್ರಿಕೆಯ ಮೂಲೆಯೊಂದರಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಬಂತು. ಅಪ್ಪ ಅದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಗಬ್ಬೂರಿನ ಮೇಲಿನ ಬಸ್ಸು ಹಿಡಿದು ದೇವದುರ್ಗಕ್ಕೆ ಹೋದ. ಹುಡುಗಿ ಬರೆಯುವವಳಲ್ಲ, ಬರೀ ನಕಲು ಮಾಡುವವಳು ಎಂದು ಬೀಗರಿಗೆ ಅಚ್ಚಿನಲ್ಲಿ ತೋರಿಸಿದ. ಅವರಿಗೆ ಸಮಾಧಾನವಾಯಿತು. ಏಪ್ರಿಲಿನಲ್ಲಿ, ನನ್ನ ಜೊತೆಯವರು ಲೆಕ್ಕದ ಪರೀಕ್ಷೆ ಬರೆಯುವ ವಾರದಲ್ಲೇ, ನನಗೆ ಅರಿಷಿಣ ಹಚ್ಚಿದರು.

ನಾಲ್ಕು ವರ್ಷಕ್ಕೆ ಅಣ್ಣನ ಪುಸ್ತಕ ಬಂತು. ಹನ್ನೆರಡು ಕಥೆ. ರಾಜಕುಮಾರಿ, ಕವಿ ಇಬ್ಬರೂ ಇದ್ದರು. ರಾಯಚೂರಿನಲ್ಲಿ ಸಭೆ ಮಾಡಿ ಅವನಿಗೆ ಶಾಲು ಹೊದಿಸಿದರು. ಹೆಣ್ಣುಮಕ್ಕಳ ಕಷ್ಟವನ್ನು ಇಷ್ಟು ಒಳಗಿನಿಂದ ಕಂಡ ಗಂಡಸು ಈ ಭಾಗದಲ್ಲಿ ಇನ್ನೊಬ್ಬನಿಲ್ಲ ಎಂದು ಮಾತಾಡಿದವರೊಬ್ಬರು ಹೇಳಿದರು. ನಾನು ಹಿಂದಿನ ಸಾಲಿನಲ್ಲಿ ಮಗುವಿಗೆ ಹಾಲು ಕುಡಿಸುತ್ತ ಕೂತಿದ್ದೆ. ಚಪ್ಪಾಳೆ ತಟ್ಟಲು ಕೈ ಬಿಡುವಿರಲಿಲ್ಲ, ಅದೊಂದು ಪುಣ್ಯ.

ಮರುವರ್ಷ ಬೇಸಿಗೆಯಲ್ಲಿ ಅವನು ದೇವದುರ್ಗಕ್ಕೆ ಬಂದ. ಎಂದೂ ತಂಗಿಯ ಮನೆಗೆ ಬರದವನು ಬಾಳೆಹಣ್ಣು, ಬತ್ತಾಸು, ಒಂದು ಕಟ್ಟು ಬಿಳಿ ಕಾಗದ ತಂದಿದ್ದ. ನನ್ನ ಗಂಡ ಅಂಗಡಿ ಬಿಟ್ಟು ಬಂದು, "ಬರ್ರಿ, ಬರ್ರಿ, ಲೇಖಕರು ಬಂದ್ರು," ಎಂದು ಮಂಚದ ಮೇಲೆ ಕೂರಿಸಿದ.

"ಎಲ್ಲಾರೂ ಮುಂದಿನ ಪುಸ್ತಕ ಯಾವಾಗ ಅಂತ ಕೇಳಾಕತ್ತಾರ," ಎಂದ ಅಣ್ಣ. "ಈ ಸಲ ಇಪ್ಪತ್ನಾಲ್ಕು ಕಥಿ. ಅಮಾಸಿಗೊಂದು, ಹುಣ್ಣಿವಿಗೊಂದು. ಗುರಿ ದೊಡ್ಡದಿಟ್ಟೀನಿ. ಭದ್ರಿ ಮೊದಲಿನಂಗ ನಕಲು ಮಾಡಿಕೊಟ್ರ ಸಾಕು."

"ಅದಕ್ಕೇನಂತ್ರಿ, ಮಾಡ್ತಾಳ. ಮಧ್ಯಾಹ್ನ ಖಾಲೀನೇ ಇರ್ತಾಳ," ಎಂದ ನನ್ನ ಗಂಡ.

ನಾನು ತಾಟು ಹಾಕಿ ಅಣ್ಣನ ಎದುರಿಗೆ ಕೂತೆ.

"ಆಗಲಿ ಅಣ್ಣಾ. ನೀ ಬರಕೊಂಡು ಬಾ. ಈ ಸಲ ನಾ ಒಂದಕ್ಷರ ಬದಲು ಮಾಡಂಗಿಲ್ಲ. ನೀ ಹೆಂಗ ಬರದಿರ್ತಿ, ಹಂಗೇ ನಕಲು ಮಾಡಿ ಕೊಡ್ತೀನಿ. ಒಂದು ಸಾಲು ಹೆಚ್ಚಿಲ್ಲ, ಒಂದು ಸಾಲು ಕಮ್ಮಿ ಇಲ್ಲ."

"ನೋಡ್ರಿ, ಎಷ್ಟು ಛಲೋ ಮಾತು!" ಎಂದ ನನ್ನ ಗಂಡ, ಖುಷಿಯಿಂದ.

ಅಣ್ಣ ನನ್ನ ಮುಖ ನೋಡಿದ. ಕೈಯಲ್ಲಿದ್ದ ತುತ್ತು ಹಾಗೇ ತಾಟಿಗೆ ಇಳಿಯಿತು. ಕೆಲಸ ಇದೆ ಎಂದು ಮೂರು ಗಂಟೆಯ ಬಸ್ಸಿಗೇ ಹೊರಟುಹೋದ. ಕಾಗದದ ಕಟ್ಟನ್ನು ಮಂಚದ ಮೇಲೇ ಬಿಟ್ಟಿದ್ದ. ಅದನ್ನು ಎಂಟು ದಿನ ಹಾಗೇ ಇಟ್ಟುಕೊಂಡಿದ್ದೆ. ಒಂಬತ್ತನೆಯ ದಿನ ಗಂಡ ಅಂಗಡಿಗೆ ಒಯ್ದು ಸಕ್ಕರೆ ಪೊಟ್ಟಣ ಕಟ್ಟಿದ, ನಾನು ಬೇಡ ಅನ್ನಲಿಲ್ಲ. ಅನ್ನಬೇಕಿತ್ತು.

ಹಂಪಣ್ಣ ಎರಡನೆಯ ಪುಸ್ತಕ ಬರೆಯಲಿಲ್ಲ. ಅಂಥ ಲೇಖಕ ಯಾಕೆ ಬರೆಯುವುದು ಬಿಟ್ಟ ಎಂದು ಅಂಗಡಿಗೆ ಬರುವ ಓದಿದವರು ಈಗಲೂ ನನ್ನನ್ನೇ ಕೇಳುತ್ತಾರೆ, ತಂಗಿ ಎಂದು. ನೀನು ಯಾಕೆ ಬಿಟ್ಟೆ ಎಂದು ಯಾರೂ ಕೇಳಿಲ್ಲ.